ಗಡಿನಾಡಿನ ಗುರುತಾಯಿ: ಜಯದೇವಿತಾಯಿ ಲಿಗಾಡೆ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಕನ್ನಡನಾಡಿನ ಈಶಾನ್ಯದ ಮೂಲೆಯನ್ನು ಹಾದುಹೋಗುತ್ತದೆ. ಸಸ್ತಾಪುರ ಬಂಗಲೆಯ ಬಳಿ ದಾರಿ ಕವಲೊಡೆದರೆ ಬಸವಕಲ್ಯಾಣ. ನೇರವಾಗಿ ಮುಂದೆ ಸಾಗಿದರೆ ಹುಮನಾಬಾದು. ಎರಡೂ ದೊಡ್ಡ ನಗರಗಳಲ್ಲ. ಆದರೆ ಇವೆರಡಕ್ಕೂ ಇರುವ ನೆನಪು ಬಹು ದೊಡ್ಡದು. ಕಲ್ಯಾಣವು ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಸುತ್ತ ಶರಣರು ನೆರೆದ ನೆಲ. ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರವು 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಕ್ಷೇತ್ರ. ಕನ್ನಡ, ಮರಾಠಿ, ಉರ್ದು ಮೂರರಲ್ಲಿಯೂ ಹಾಡು ಕಟ್ಟಿದ ಆ ಸಂತರ ಬಾಳೇ ಈ ಸೀಮೆಯ ಭಾಷಾಸ್ವಭಾವವನ್ನು ತಿಳಿಸಿಕೊಡುತ್ತದೆ. ಇಲ್ಲಿ ಮನೆಯ ಮಾತು ಒಂದು, ಪೇಟೆಯ ಮಾತು ಇನ್ನೊಂದು, ಕಚೇರಿಯ ಮಾತು ಮತ್ತೊಂದು. ಶಾಲೆಯ ಮಾತು ಯಾವುದಾಗಬೇಕೆಂಬ ಪ್ರಶ್ನೆ ಇಲ್ಲಿ ಎಂದೂ ಸುಲಭವಾಗಿರಲಿಲ್ಲ. ಆ ಶಾಲೆಯಲ್ಲಿ ಹೆಣ್ಣುಮಗಳು ಎಷ್ಟು ವರ್ಷ ಕೂರಬಹುದು, ಅವಳಿಗೆ ಕಲಿಸುವ ಹೆಂಗಸು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗಳು ಇನ್ನೂ ಕಠಿಣವಾಗಿದ್ದವು.

ಈ ಎರಡು ಪ್ರಶ್ನೆಗಳನ್ನೂ ತಮ್ಮ ಬಾಳಿನಲ್ಲಿಯೇ ಹೊತ್ತುಕೊಂಡು ನಡೆದವರು ಜಯದೇವಿತಾಯಿ ಲಿಗಾಡೆ. ಅವರು ಯಾವ ಪ್ರೌಢಶಾಲೆಯಲ್ಲಿಯೂ ಉಪಾಧ್ಯಾಯಿನಿಯಾಗಿರಲಿಲ್ಲ; ಆಗುವುದಕ್ಕೆ ಬೇಕಾದ ಪ್ರಮಾಣಪತ್ರ ಅವರಲ್ಲಿರಲಿಲ್ಲ. ಆದರೂ ಗಡಿನಾಡಿನ ಕನ್ನಡಿಗರು ಅವರನ್ನು ಗುರುವೆಂದೇ ಕಂಡರು, ತಾಯಿಯೆಂದೇ ಕರೆದರು. ಪ್ರಮಾಣಪತ್ರ ಏಕೆ ಇರಲಿಲ್ಲ, ಗುರುತ್ವ ಹೇಗೆ ಬಂತು ಎಂಬುದನ್ನು ವಿಚಾರಿಸಿದರೆ ಒಬ್ಬರ ಚರಿತ್ರೆಯೊಡನೆ ಒಂದು ನಾಡಿನ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ಜಯದೇವಿಯವರು ಹುಟ್ಟಿದ್ದು 1912ನೆಯ ಇಸವಿ ಜೂನ್ 23ರಂದು, ಸೊಲ್ಲಾಪುರದಲ್ಲಿ. ತಂದೆ ಚೆನ್ನಬಸಪ್ಪ ಮಡಕಿ, ತಾಯಿ ಸಂಗವ್ವ. ಮನೆತನ ಅನುಕೂಲವಂತವಾದದ್ದು, ಶಿವಭಕ್ತಿ ಮನೆಯ ಉಸಿರು. ಸೊಲ್ಲಾಪುರವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬಟ್ಟೆಯ ಗಿರಣಿಗಳು ಊರನ್ನು ಬೆಳೆಸುತ್ತಿದ್ದವು. ಕನ್ನಡ, ಮರಾಠಿ, ತೆಲುಗು, ಉರ್ದು ಮಾತಾಡುವ ಜನ ಒಂದೇ ಪೇಟೆಯಲ್ಲಿ ವ್ಯವಹರಿಸುತ್ತಿದ್ದರು. ಊರಿನ ನಡುವೆ ಕೆರೆ, ಕೆರೆಯ ನಡುವೆ ಸಿದ್ಧರಾಮೇಶ್ವರರ ಗುಡಿ. ಸೊನ್ನಲಿಗೆಯೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, ಆಮೇಲೆ ಅಲ್ಲಮಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದು ಶರಣನಾದವನು ಸಿದ್ಧರಾಮ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲುಗಳು ಹೊರಟಾಗ ಇಡೀ ಊರೇ ಬೀದಿಗೆ ಬರುತ್ತಿತ್ತು. ಸೊಲ್ಲಾಪುರದಿಂದ ಕಲ್ಯಾಣಕ್ಕೆ ಹೋಗುವ ದಾರಿಯನ್ನು ಆ ಮಗು ಕಾಲಿನಿಂದ ತುಳಿಯುವ ಮೊದಲೇ ಕಥೆಯಲ್ಲಿ ಕೇಳಿತ್ತು ಎಂದು ಹೇಳಿದರೆ ತಪ್ಪಾಗಲಾರದು.

ಆಕೆ ಹುಟ್ಟುವುದಕ್ಕೆ ಹಿಂದಿನ ವರ್ಷ, ಎಂದರೆ 1911ರಲ್ಲಿ, ನಡೆದ ಜನಗಣತಿಯಲ್ಲಿ ಭಾರತದ ನೂರು ಮಂದಿ ಹೆಂಗಸರಲ್ಲಿ ಓದುಬರಹ ಬಲ್ಲವರು ಸುಮಾರು ಒಬ್ಬರು. ಇಂಥ ಕಾಲದಲ್ಲಿ ಜಯದೇವಿಯವರನ್ನು ಮನೆಯವರು ಶಾಲೆಗೆ ಕಳುಹಿಸಿದ್ದೇ ದೊಡ್ಡ ಮಾತು. ಆದರೆ ಆ ಶಾಲೆ ಮರಾಠಿ ಶಾಲೆ. ಮನೆಯಲ್ಲಿ ಆಡುತ್ತಿದ್ದ ಕನ್ನಡಕ್ಕೆ ಪಾಟಿಯ ಮೇಲೆ ಸ್ಥಳವಿರಲಿಲ್ಲ. ಅಕ್ಷರವೆಂದರೆ ಮರಾಠಿ, ಲೆಕ್ಕವೆಂದರೆ ಮರಾಠಿ, ಪದ್ಯವೆಂದರೆ ಮರಾಠಿ. ತಾಯಿಯ ಬಾಯಿಂದ ಕೇಳಿದ ಹಾಡು ಒಂದು ಭಾಷೆಯಲ್ಲಿ, ಪುಸ್ತಕದಲ್ಲಿ ಓದಿದ ಹಾಡು ಇನ್ನೊಂದು ಭಾಷೆಯಲ್ಲಿ. ಮುಂದೆ ಅವರು ಎರಡು ಭಾಷೆಗಳ ನಡುವೆ ಸೇತುವೆಯಾದದ್ದಕ್ಕೆ ಈ ಬಾಲ್ಯದ ಕೊರತೆಯೇ ಅಡಿಗಲ್ಲಾಯಿತು. ಮರಾಠಿಯನ್ನು ಅವರು ದ್ವೇಷಿಸಲಿಲ್ಲ. ಅದನ್ನು ಚೆನ್ನಾಗಿ ಕಲಿತರು. ಕನ್ನಡವನ್ನು ಮಾತ್ರ ತಾವೇ ಹುಡುಕಿಕೊಂಡು ಹೋಗಬೇಕಾಯಿತು.

ಶಾಲೆಯ ದಿನಗಳು ಬಹುಕಾಲ ಉಳಿಯಲಿಲ್ಲ. ಅಂದಿನ ಪದ್ಧತಿಯಂತೆ ಎಳೆಯ ವಯಸ್ಸಿನಲ್ಲಿಯೇ ಚೆನ್ನಮಲ್ಲಪ್ಪ ಲಿಗಾಡೆಯವರೊಡನೆ ವಿವಾಹವಾಯಿತು. ಬಾಲ್ಯವಿವಾಹವನ್ನು ತಡೆಯುವ ಶಾಸನ ಬಂದದ್ದು 1929ರಲ್ಲಿ; ಅಷ್ಟರೊಳಗೆ ಅವರು ಗೃಹಿಣಿಯಾಗಿದ್ದರು. ಲಿಗಾಡೆಯವರದೂ ಉಳ್ಳವರ ಮನೆ. ಊಟಬಟ್ಟೆಗೆ ಕೊರತೆಯಿಲ್ಲ, ಆಳುಕಾಳುಗಳಿಗೆ ಕೊರತೆಯಿಲ್ಲ. ಶಾಲೆಯ ಬಾಗಿಲೊಂದು ಮಾತ್ರ ಮುಚ್ಚಿಹೋಯಿತು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಹುಡುಗಿಯರು ಮೇಲಿನ ತರಗತಿಗಳಿಗೆ ಹೋಗದಿರುವುದಕ್ಕೆ ಬಡತನವೊಂದೇ ಕಾರಣವಾಗಿರಲಿಲ್ಲ. ಮೈನೆರೆಯುವ ವಯಸ್ಸಿನ ಮಗಳನ್ನು ಗಂಡಸು ಮಾಸ್ತರರ ಮುಂದೆ, ಗಂಡುಹುಡುಗರ ನಡುವೆ ಕೂರಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಹೆಂಗಸು ಕಲಿಸುವುದಾದರೆ ಕಳುಹಿಸಿಯಾರು. ಆದರೆ ಕಲಿಸುವ ಹೆಂಗಸು ಆಕಾಶದಿಂದ ಇಳಿದು ಬರುವವಳಲ್ಲ. ಯಾವುದೋ ಪ್ರೌಢಶಾಲೆಯಲ್ಲಿ ಓದಿ ಮುಗಿಸಿದ ಹುಡುಗಿಯೇ ಮುಂದೆ ಉಪಾಧ್ಯಾಯಿನಿಯಾಗಬೇಕು. ಹುಡುಗಿಯರಿಲ್ಲದೆ ಉಪಾಧ್ಯಾಯಿನಿಯರಿಲ್ಲ, ಉಪಾಧ್ಯಾಯಿನಿಯರಿಲ್ಲದೆ ಹುಡುಗಿಯರಿಲ್ಲ. ಬೀಜ ಮೊದಲೋ ಮರ ಮೊದಲೋ ಎಂಬಂಥ ತೊಡಕು ಇದು. 1882ರ ಹಂಟರ್ ಆಯೋಗವು ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರನ್ನೇ ತಯಾರುಮಾಡಬೇಕೆಂದು ಶಿಫಾರಸು ಮಾಡಿತ್ತು. ಅದಕ್ಕೂ ಮೊದಲು, 1848ರಲ್ಲಿ, ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ತಾವೇ ಕಲಿತು ತಾವೇ ಕಲಿಸಲು ನಿಂತು ಈ ತೊಡಕನ್ನು ಕಡಿದು ತೋರಿಸಿದ್ದರು. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆ ತೆರೆದು, ಮುಂದೆ ಕಾಲೇಜಾಗಿ ಬೆಳೆಯಿತು. ಪುಣೆಯಲ್ಲಿ, ಮೈಸೂರಿನಲ್ಲಿ ಕಡಿದ ದಾರಿ ಸೊಲ್ಲಾಪುರದ ಒಬ್ಬ ಕನ್ನಡ ಹುಡುಗಿಯವರೆಗೆ, ಕಲ್ಯಾಣದ ಬೀದಿಯವರೆಗೆ ತಲುಪಲು ಇನ್ನೂ ಎಷ್ಟೋ ದಶಕಗಳು ಹಿಡಿದವು.

ಶಾಲೆ ಬಿಟ್ಟ ಮೇಲೆ ಜಯದೇವಿಯವರ ನಿಜವಾದ ಓದು ಆರಂಭವಾಯಿತು. ಕನ್ನಡ ಲಿಪಿಯನ್ನು ಸ್ವಂತ ಪ್ರಯತ್ನದಿಂದ ರೂಢಿಸಿಕೊಂಡರು. ಶರಣರ ವಚನಗಳನ್ನು ಹಿಡಿದು ಕುಳಿತರು. ಆ ಹೊತ್ತಿಗೆ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ತಾಳೆಗರಿಗಳಿಂದ ವಚನಗಳನ್ನು ಎತ್ತಿ ಅಚ್ಚುಮಾಡುತ್ತಿದ್ದರು. ಮಠಗಳ ಗೂಡಿನಲ್ಲಿದ್ದ ಸಾಹಿತ್ಯ ಮನೆಗಳ ನಡುಮನೆಗೆ ಬಂದಿತ್ತು. ಶಾಲೆಗೆ ಹೋಗಲಾರದ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಾರದು. ಆ ವಚನಗಳಲ್ಲಿ ಅವರು ಅಕ್ಕಮಹಾದೇವಿಯನ್ನು ಕಂಡರು. ಗಂಗಾಂಬಿಕೆ, ನೀಲಾಂಬಿಕೆಯರನ್ನು ಕಂಡರು. ಕಾಯಕದ ಮಿತಿಯನ್ನು ಗಂಡನಿಗೇ ತಿಳಿಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು, ಅಲ್ಲಮನೊಡನೆ ಸರಿಸಮನಾಗಿ ವಾದಿಸಿದ ಮುಕ್ತಾಯಕ್ಕನನ್ನು ಕಂಡರು. ಎಂಟು ನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಮೂವತ್ತಕ್ಕೂ ಮಿಕ್ಕ ಶರಣೆಯರು ವಚನ ಬರೆದಿದ್ದರು. ಕೂಲಿಯವರು, ಅಕ್ಕಿ ಆಯುವವರು, ನೂಲುವವರು ಅವರಲ್ಲಿದ್ದರು. ಗಂಡಸರು ನೆರೆದ ಗೋಷ್ಠಿಯಲ್ಲಿ ಹೆಂಗಸು ಕೇಳುವವಳಾಗಿ ಮಾತ್ರವಲ್ಲ, ತಿಳಿಸಿಹೇಳುವವಳಾಗಿಯೂ ಕುಳಿತ ಉದಾಹರಣೆ ಅಲ್ಲಿತ್ತು. ಅದೇ ಕಲ್ಯಾಣದ ಸುತ್ತಲಿನ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದ ಹೆಣ್ಣುಮಗಳು ತನ್ನ ಹೆಸರನ್ನು ಬರೆಯಲಾರದೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಈ ವೈಪರೀತ್ಯವು ಜಯದೇವಿಯವರ ಬಾಳಿನ ಕೆಲಸಕ್ಕೆ ದಿಕ್ಕು ತೋರಿಸಿತು.

ಓದು ಬರವಣಿಗೆಗೆ ತಿರುಗಿತು. ಅವರು ಆರಿಸಿಕೊಂಡ ಛಂದಸ್ಸು ತ್ರಿಪದಿ. ಪಂಡಿತರು ಮೆಚ್ಚುವ ಷಟ್ಪದಿಯನ್ನಾಗಲಿ, ಆ ಕಾಲದ ನವೋದಯದ ಕವಿಗಳು ಬಳಸುತ್ತಿದ್ದ ಹೊಸ ಬಂಧಗಳನ್ನಾಗಲಿ ಅವರು ಮುಖ್ಯವಾಗಿ ಹಿಡಿಯಲಿಲ್ಲ. ತ್ರಿಪದಿ ಎಂದರೆ ಬೀಸುಕಲ್ಲಿನ ಪದ. ನಸುಕಿನಲ್ಲಿ ಜೋಳ ಬೀಸುವ ಹೆಂಗಸಿನ ಕೈಯ ತಿರುವಿಗೆ ಹೊಂದಿ ಬರುವ ಮೂರು ಸಾಲು. ಅಕ್ಷರ ಅರಿಯದ ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ ತವರು, ದೇವರು, ನೀತಿ, ನೋವು ಎಲ್ಲವನ್ನೂ ಕಲಿಸಿದ್ದು ಈ ಮೂರು ಸಾಲುಗಳಲ್ಲಿ. ಉತ್ತರ ಕರ್ನಾಟಕದ ಹೆಂಗಸರಿಗೆ ಶತಮಾನಗಳ ಕಾಲ ಇದ್ದ ಶಾಲೆ ಅದೊಂದೇ. ಆ ಶಾಲೆಯ ಭಾಷೆಯನ್ನೇ ಎತ್ತಿಕೊಂಡು ಜಯದೇವಿಯವರು ಕಾವ್ಯ ಬರೆಯಲು ಕುಳಿತರು. ಜಯಗೀತೆ, ತಾಯಿಯ ಪದಗಳು, ತಾರಕ ತಂಬೂರಿ ಮುಂತಾದ ಸಂಗ್ರಹಗಳು ಹೊರಬಂದವು. ಕೇಳಿದರೆ ನೆನಪಿನಲ್ಲಿ ಉಳಿಯಬೇಕು, ಉಳಿದರೆ ಬಾಯಿಂದ ಬಾಯಿಗೆ ಸಾಗಬೇಕು ಎಂಬ ಗುಣ ಅವರ ಪದ್ಯಗಳಲ್ಲಿ ಕಾಣುತ್ತದೆ. ಒಳ್ಳೆಯ ಪಾಠದ ಗುಣವೂ ಅದೇ ಅಲ್ಲವೆ?

ಅವರ ಕೃತಿಗಳಲ್ಲಿ ಕಿರೀಟಪ್ರಾಯವಾದದ್ದು ಸಿದ್ಧರಾಮೇಶ್ವರ ಪುರಾಣ. ನಾಲ್ಕು ಸಾವಿರಕ್ಕೂ ಹೆಚ್ಚು ತ್ರಿಪದಿಗಳ ಮಹಾಕಾವ್ಯ ಅದು. ಸಿದ್ಧರಾಮನ ಚರಿತೆಯನ್ನು ಹಿಂದೆ ರಾಘವಾಂಕನು ಷಟ್ಪದಿಯಲ್ಲಿ ಹಾಡಿದ್ದ. ಅದೇ ವಸ್ತುವನ್ನು ಇಪ್ಪತ್ತನೆಯ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ಜನಪದದ ಮಟ್ಟಿನಲ್ಲಿ, ಅಷ್ಟು ದೀರ್ಘವಾಗಿ, ಸಡಿಲವಾಗದಂತೆ ನಡೆಸಿಕೊಂಡು ಹೋದದ್ದು ಸಾಹಸವೇ ಸರಿ. ಕೆರೆ ತೋಡಿಸುವ, ಬರಗಾಲದಲ್ಲಿ ಅನ್ನವಿಡುವ ಕರ್ಮಯೋಗಿ ಅವರಿಗೆ ಆದರ್ಶಪುರುಷ. ಅರಿವು ಬರುವುದು ಗವಿಯಲ್ಲಿ ಕುಳಿತಲ್ಲ, ಜನರ ನಡುವೆ ದುಡಿದು ಎಂಬ ತಿಳಿವಳಿಕೆ ಆ ಚರಿತೆಯ ಹೂರಣವಾಗಿದೆ.

ಬರಹದ ಇನ್ನೊಂದು ಕೈ ಮರಾಠಿಯ ಕಡೆಗೆ ಚಾಚಿತ್ತು. ಬಸವಣ್ಣನವರ, ಸಿದ್ಧರಾಮರ ವಚನಗಳನ್ನು ಅವರು ಮರಾಠಿಗೆ ತಂದರು. ಶೂನ್ಯಸಂಪಾದನೆಯಂಥ ಕಠಿಣ ಗ್ರಂಥದ ಅನುವಾದಕ್ಕೂ ಕೈಹಾಕಿದರು. ಕನ್ನಡಕ್ಕಾಗಿ ಹೋರಾಡುತ್ತಿದ್ದವರು ಮರಾಠಿಯಲ್ಲಿ ಬರೆದದ್ದೇಕೆ ಎಂದು ಯಾರಾದರೂ ಕೇಳಬಹುದು. ಸೊಲ್ಲಾಪುರದಲ್ಲಿ, ಲಾತೂರಿನಲ್ಲಿ, ಉಸ್ಮಾನಾಬಾದಿನಲ್ಲಿ ಕನ್ನಡ ಅಕ್ಷರ ಕಾಣದ ಲಿಂಗವಂತ ಮನೆಗಳು ಸಾವಿರಾರು ಇದ್ದವು. ಅವರಿಗೆ ಕಲಿಸಬೇಕಾದರೆ ಅವರು ಬಲ್ಲ ಅಕ್ಷರದಲ್ಲಿಯೇ ಕಲಿಸಬೇಕು. ವಿದ್ಯಾರ್ಥಿ ಎಲ್ಲಿ ನಿಂತಿದ್ದಾನೋ ಅಲ್ಲಿಂದ ಪಾಠ ಆರಂಭಿಸಬೇಕೆಂಬ ಬೋಧನಶಾಸ್ತ್ರದ ಮೊದಲ ಸೂತ್ರವನ್ನು ಯಾವ ತರಬೇತಿ ಕಾಲೇಜಿಗೂ ಹೋಗದ ಈ ತಾಯಿ ಆಚರಿಸಿ ತೋರಿಸಿದರು.

ಲಿಗಾಡೆಯವರ ಮನೆಯ ಸೊಸೆ ಬೀದಿಗಿಳಿದು ಸಾರ್ವಜನಿಕ ಕೆಲಸಕ್ಕೆ ನಿಂತದ್ದು ಆ ಕಾಲಕ್ಕೆ ಅಪರೂಪವಾದ ಸಂಗತಿ. ಅವರು ಬೆಳೆದದ್ದು ಉರಿಯುತ್ತಿದ್ದ ಸೊಲ್ಲಾಪುರದಲ್ಲಿ. 1930ರ ಮೇ ತಿಂಗಳಲ್ಲಿ ಅಲ್ಲಿ ಚಳವಳಿ ಭುಗಿಲೆದ್ದು ಸೈನಿಕ ಆಡಳಿತ ಬಂತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿಯವರೂ ಅವರ ಮೂವರು ಸಂಗಡಿಗರೂ ಗಲ್ಲಿಗೇರಿದರು. ಊರಿನ ಪ್ರತಿಯೊಂದು ಮನೆಗೂ ಅದರ ಬಿಸಿ ತಟ್ಟಿತ್ತು. ಇಂಥ ಕಾಲದಲ್ಲಿ ಪ್ರಾಯಕ್ಕೆ ಬಂದ ಜಯದೇವಿಯವರು ಕನ್ನಡದ ಕೆಲಸವನ್ನೂ ಹೆಂಗಸರ ಶಿಕ್ಷಣವನ್ನೂ ಬೇರೆ ಬೇರೆಯೆಂದು ಎಣಿಸಲಿಲ್ಲ. ಕನ್ನಡ ಶಾಲೆಗಳು ತೆರೆಯಬೇಕೆಂದು ಮನೆಮನೆಗೆ ಹೋಗಿ ಹೇಳಿದರು. ಅದಕ್ಕಾಗಿ ಕೈಯಿಂದ ಹಣ ಹಾಕಿದರು. ಶಾಲೆಗೆ ಮಗಳನ್ನು ಕಳುಹಿಸಿರೆಂದು ಹೇಳಲು ಗಂಡಸೊಬ್ಬ ಬಂದರೆ ಅಂಗಳದಲ್ಲಿಯೇ ನಿಲ್ಲಬೇಕು. ಹೆಂಗಸು ಬಂದರೆ ಒಳಗೆ ಕರೆದು ಕೂರಿಸುತ್ತಾರೆ. ಅಡುಗೆಮನೆಯ ಬಾಗಿಲವರೆಗೆ ಅವಳ ಮಾತು ಹೋಗುತ್ತದೆ. ಶಾಲೆಯಲ್ಲಿ ಉಪಾಧ್ಯಾಯಿನಿ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಪಾಠ ಹೇಳುವ ಜಾಣ್ಮೆ ಗಂಡಸಿಗೂ ಉಂಟು. ಮನೆಯ ಒಳಬಾಗಿಲು ತೆರೆಸುವ ಅಧಿಕಾರ ಮಾತ್ರ ಹೆಂಗಸಿಗೇ ಸಲ್ಲುತ್ತದೆ.

1950ರಲ್ಲಿ ಸೊಲ್ಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ವಚನಧರ್ಮಸಾರವನ್ನು ಬರೆದ ಎಂ. ಆರ್. ಶ್ರೀನಿವಾಸಮೂರ್ತಿಗಳು ಅಧ್ಯಕ್ಷರು. ಆ ಸಮ್ಮೇಳನದ ಏರ್ಪಾಡಿನಲ್ಲಿ ಮುಂದೆ ನಿಂತವರಲ್ಲಿ ಜಯದೇವಿತಾಯಿಯವರು ಪ್ರಮುಖರು. ಸೊಲ್ಲಾಪುರವೂ ಕನ್ನಡದ ಊರೆಂಬುದನ್ನು ನಾಡಿಗೆ ತೋರಿಸಿಕೊಟ್ಟ ಸಮಾರಂಭವದು. ಏಕೀಕರಣದ ಚಳವಳಿಯಲ್ಲಿ ಅವರು ಸಭೆಯಿಂದ ಸಭೆಗೆ ಸಂಚರಿಸಿದರು. ಅವರ ಹಂಬಲ ಪೂರ್ಣವಾಗಿ ಈಡೇರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ರಚನೆಯಾದಾಗ ಸೊಲ್ಲಾಪುರ ಹೊರಗೇ ಉಳಿಯಿತು. ಮಹಾಜನ ಆಯೋಗ ನೇಮಕವಾಗಿ 1967ರಲ್ಲಿ ವರದಿ ಬಂದರೂ ನಗರದ ಸ್ಥಾನ ಬದಲಾಗಲಿಲ್ಲ. ಹುಟ್ಟಿದ ಊರು ಒಂದು ರಾಜ್ಯದಲ್ಲಿ, ಮನಸ್ಸು ನೆಟ್ಟ ಊರು ಇನ್ನೊಂದು ರಾಜ್ಯದಲ್ಲಿ ಎಂಬ ಸ್ಥಿತಿ ಅವರದಾಯಿತು.

ಮನಸ್ಸು ನೆಟ್ಟ ಆ ಕಲ್ಯಾಣದ ಸೀಮೆಯ ಸ್ಥಿತಿ ಹೇಗಿತ್ತು? 1948ರ ಸೆಪ್ಟೆಂಬರಿನವರೆಗೆ ಅದು ನಿಜಾಮರ ಹೈದರಾಬಾದು ಸಂಸ್ಥಾನದ ಭಾಗ. ಕಲ್ಯಾಣಿಯು ನವಾಬರ ಜಹಗೀರು. ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. ಮೇಲ್ತರಗತಿಗಳ ಭಾಷೆಯೂ ಉರ್ದುವೇ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಕೀರ್ತಿಗೆ ಪಾತ್ರವಾದದ್ದು ನಿಜ. ಆದರೆ ಆ ದೇಶಭಾಷೆ ಹುಮನಾಬಾದಿನ, ಭಾಲ್ಕಿಯ, ಕಲ್ಯಾಣದ ರೈತನ ಮಗಳ ಭಾಷೆಯಾಗಿರಲಿಲ್ಲ. ಕನ್ನಡಕ್ಕೆ ಖಾಸಗಿಯವರ ಛಲವೇ ಆಸರೆ. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. 1930ರ ದಶಕದಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿಯೇ ಮಹಾದೇವಿಯ ಹೆಸರಿನಲ್ಲಿ ಶಾಲೆ ತೆರೆದರು. ಅಕ್ಕನ ಹೆಸರಿನಲ್ಲಿ ಹುಡುಗಿಯರ ಶಾಲೆ ಎಂಬುದು ಈ ನಾಡಿಗೆ ಒಪ್ಪುವ ಮಾತು. ಆದರೂ ಹಳ್ಳಿಯ ಹುಡುಗಿಗೆ ಎರಡು ಗೋಡೆಗಳು ಅಡ್ಡವಾಗಿದ್ದವು. ಹೆಣ್ಣೆಂಬುದು ಒಂದು ಗೋಡೆ; ಮನೆಮಾತು ಮೇಲ್ತರಗತಿಯಲ್ಲಿ ನಡೆಯದೆಂಬುದು ಇನ್ನೊಂದು.

1956ರಲ್ಲಿ ಬೀದರ, ಭಾಲ್ಕಿ, ಹುಮನಾಬಾದು, ಔರಾದುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಎರಡನೆಯ ಗೋಡೆ ಬಿದ್ದಿತು. ಕಲ್ಯಾಣಿಯ ಹೆಸರು ಬಸವಕಲ್ಯಾಣವೆಂದಾಯಿತು. ಆದರೆ ಕನ್ನಡದಲ್ಲಿ ಪ್ರೌಢಶಾಲೆ ನಡೆಸಲು ಕನ್ನಡದಲ್ಲಿ ಓದಿದ ಉಪಾಧ್ಯಾಯರು ಬೇಕು. ಇಲ್ಲಿನ ಹಿಂದಿನ ತಲೆಮಾರು ಓದಿದ್ದು ಉರ್ದುವಿನಲ್ಲಿ ಇಲ್ಲವೆ ಮರಾಠಿಯಲ್ಲಿ. ಗಂಡಸು ಶಿಕ್ಷಕರು ಧಾರವಾಡ, ವಿಜಾಪುರಗಳ ಕಡೆಯಿಂದ ಬಂದಾರು. ಒಂದು ಕೋಣೆ ಹಿಡಿದು ಇದ್ದಾರು. ಹೆಂಗಸು ಒಂಟಿಯಾಗಿ ಬಂದು ಹೊಸ ಊರಿನಲ್ಲಿ ಮನೆ ಹಿಡಿಯುವುದು ಸುಲಭವಲ್ಲ. ಬಸ್ಸು ದಿನಕ್ಕೊಮ್ಮೆ ಬರುವ ಹಳ್ಳಿಗೆ ಹೋಗಿ ಪಾಠ ಹೇಳಿ ಸಂಜೆಗೆ ಮರಳುವುದೂ ಸುಲಭವಲ್ಲ. ಆದ್ದರಿಂದ ಗಡಿಯ ತಾಲ್ಲೂಕುಗಳಲ್ಲಿ ಉಪಾಧ್ಯಾಯಿನಿಯರ ಕೊರತೆ ಎರಡುಪಟ್ಟು ತೀವ್ರವಾಯಿತು. 1951ರ ಜನಗಣತಿಯಲ್ಲಿ ಇಡೀ ದೇಶದ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ ಒಂಬತ್ತಕ್ಕೂ ಕಡಿಮೆ. ಪರಿಸ್ಥಿತಿಯನ್ನು ವಿಚಾರಿಸಲು ಭಾರತ ಸರ್ಕಾರವು 1958ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಹಳ್ಳಿಗಳಲ್ಲಿ ಉಪಾಧ್ಯಾಯಿನಿಯರಿಗೆ ವಸತಿ ಒದಗಿಸದೆ ಹೆಣ್ಣುಮಕ್ಕಳ ಶಿಕ್ಷಣ ಮುಂದುವರಿಯಲಾರದೆಂಬುದು ಆ ಕಾಲದ ವಿಚಾರವಂತರೆಲ್ಲರ ಅಭಿಪ್ರಾಯವಾಯಿತು. ಬಸವಕಲ್ಯಾಣ, ಹುಮನಾಬಾದುಗಳಂಥ ಊರುಗಳಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತಿತ್ತು.

ಈ ಹಿನ್ನೆಲೆಯಲ್ಲಿ 1974ರ ಮಂಡ್ಯದ ಸಮ್ಮೇಳನವನ್ನು ನೋಡಬೇಕು. ಸಾಹಿತ್ಯ ಸಮ್ಮೇಳನಗಳು ಆರಂಭವಾದದ್ದು 1915ರಲ್ಲಿ. ಐವತ್ತೊಂಬತ್ತು ವರ್ಷಗಳಲ್ಲಿ ನಲವತ್ತೇಳು ಸಮ್ಮೇಳನಗಳು ನಡೆದರೂ ಒಬ್ಬ ಮಹಿಳೆಯೂ ಅಧ್ಯಕ್ಷಪೀಠದಲ್ಲಿ ಕುಳಿತಿರಲಿಲ್ಲ. ನಲವತ್ತೆಂಟನೆಯ ಸಮ್ಮೇಳನಕ್ಕೆ ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷರಾದರು. ಆ ಗೌರವ ಸಂದದ್ದು ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿದ ಪದವೀಧರೆಗಲ್ಲ; ಗಡಿಯಾಚೆಯ ಊರಿನಲ್ಲಿ ಮರಾಠಿ ಶಾಲೆಯ ಕೆಲವೇ ತರಗತಿಗಳನ್ನು ಓದಿ ಕನ್ನಡವನ್ನು ತಾವೇ ಕಲಿತ ಗೃಹಿಣಿಗೆ. ಕಾವೇರಿಯ ತೀರದ ಜನ ಭೀಮೆಯ ಸೀಮೆಯ ತಾಯಿಯನ್ನು ಮೆರೆಸಿದರು. ಇದು ಹೆಮ್ಮೆಯ ಸಂಗತಿ. ಅದರೊಡನೆ ಲಜ್ಜೆಯ ಸಂಗತಿಯೂ ಒಂದುಂಟು: ಎರಡನೆಯ ಮಹಿಳೆ ಆ ಪೀಠವನ್ನು ಏರಲು ನಾಡು ಮತ್ತೆ ಇಪ್ಪತ್ತಾರು ವರ್ಷ ಕಾಯಬೇಕಾಯಿತು. 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ ಅಧ್ಯಕ್ಷರಾದರು. ಕಮಲಾ ಹಂಪನಾ ಅವರೂ ಗೀತಾ ನಾಗಭೂಷಣ ಅವರೂ ಕಾಲೇಜಿನಲ್ಲಿ ಪಾಠ ಹೇಳಿದವರು. ಗೀತಾ ಅವರು ಕಲಬುರಗಿಯ ಗಿರಣಿ ಕಾರ್ಮಿಕರ ಮಗಳು. ಜಯದೇವಿತಾಯಿಯವರಿಗೆ ಮುಚ್ಚಿದ್ದ ತರಗತಿಯ ಬಾಗಿಲು ಮುಂದಿನ ತಲೆಮಾರಿನ ಹೆಣ್ಣುಮಕ್ಕಳಿಗೆ ತೆರೆಯಿತು. ಅವರು ಒಳಗೆ ಹೋದದ್ದು ಮಾತ್ರವಲ್ಲ, ಮೇಜಿನ ಆಚೆಯ ಕುರ್ಚಿಯಲ್ಲಿ ಕುಳಿತರು.

ಬಾಳಿನ ಕೊನೆಯ ಭಾಗವನ್ನು ಜಯದೇವಿತಾಯಿಯವರು ಬಸವಕಲ್ಯಾಣದಲ್ಲಿ ಕಳೆದರು. ಪತಿಯನ್ನು ಕಳೆದುಕೊಂಡು ಬಹುಕಾಲವಾಗಿತ್ತು. ಮಕ್ಕಳು ತಮ್ಮ ತಮ್ಮ ಸಂಸಾರಗಳಲ್ಲಿದ್ದರು. ಸೊಲ್ಲಾಪುರದ ಸಂಪನ್ನ ಮನೆಯನ್ನು ಬಿಟ್ಟು, ಕೋಟೆಯ ಅವಶೇಷವೂ ತ್ರಿಪುರಾಂತಕದ ಕೆರೆಯೂ ಶರಣರ ಗವಿಗಳೂ ಇರುವ ಈ ಊರಿಗೆ ಬಂದು ನೆಲೆಸಿದ್ದು ಸಿದ್ಧರಾಮನ ದಾರಿಯನ್ನೇ ತುಳಿದಂತಾಯಿತು. ಸೊನ್ನಲಿಗೆಯಿಂದ ಕಲ್ಯಾಣಕ್ಕೆ ಅವನು ಬಂದಿದ್ದ. ಅವನ ಪುರಾಣ ಬರೆದವರೂ ಅದೇ ದಾರಿ ಹಿಡಿದರು. ಶರಣರ ನೆನಪು ಮಾಸಿಹೋಗಿದ್ದ ಊರಿನಲ್ಲಿ ಆ ನೆನಪಿಗೆ ಮತ್ತೆ ಜೀವ ತುಂಬುವವರಲ್ಲಿ ಅವರೂ ಒಬ್ಬರಾದರು. 1986ರ ಜುಲೈ ತಿಂಗಳಿನಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಇಲ್ಲಿಯೇ ಕಣ್ಮುಚ್ಚಿದರು.

ಅದೇ 1986ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದು ಹೊರಬಂದಿತು. ಅದನ್ನನುಸರಿಸಿ ಆರಂಭವಾದ ಕರಿಹಲಗೆ ಕಾರ್ಯಾಚರಣೆಯು ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು ಎಂಬ ಗುರಿಯನ್ನು ಇಟ್ಟುಕೊಂಡಿತು. ಹಂಟರ್ ಆಯೋಗದ ಶಿಫಾರಸಿನಿಂದ ಇಲ್ಲಿಗೆ ನೂರ ನಾಲ್ಕು ವರ್ಷಗಳು. ಪ್ರಾಥಮಿಕ ಶಾಲೆಯ ಮಟ್ಟಿಗೆ ಈ ಗುರಿ ಬಹುಮಟ್ಟಿಗೆ ಕೈಗೂಡಿತು. ಪ್ರೌಢಶಾಲೆಯ ಮಾತು ಬೇರೆ. ಎಳೆಯ ಮಕ್ಕಳಿಗೆ ತಾಯಿಯಂತೆ ಅಕ್ಷರ ಹೇಳಿಕೊಡಲು ಹೆಂಗಸು ಸಾಕು, ಗಣಿತ ವಿಜ್ಞಾನಗಳಿಗೆ ಗಂಡಸೇ ಬೇಕು ಎಂಬ ಭಾವನೆ ಊರೂರುಗಳಲ್ಲಿ ಬೇರುಬಿಟ್ಟಿತ್ತು. ಇದು ನಮ್ಮ ನಾಡಿನ ರೋಗ ಮಾತ್ರವಲ್ಲ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದ ದೇಶಗಳಲ್ಲಿ ಪ್ರೌಢಶಾಲೆಯ ಶಿಕ್ಷಕರಲ್ಲಿ ಮಹಿಳೆಯರು ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಜಗತ್ತನ್ನು ಒಟ್ಟಾಗಿ ನೋಡಿದರೆ ಅರ್ಧಕ್ಕಿಂತ ತುಸು ಹೆಚ್ಚು. ತರಗತಿ ಮೇಲೇರಿದಂತೆ ಹೆಂಗಸಿನ ಸಂಖ್ಯೆ ಇಳಿಯುವ ಈ ಏಣಿ ಬಡದೇಶಗಳಲ್ಲೆಲ್ಲ ಒಂದೇ ಬಗೆಯದು. ಬೀದರ ಜಿಲ್ಲೆಯಲ್ಲಿ 2001ರ ಜನಗಣತಿಯ ಹೊತ್ತಿಗೂ ಹೆಂಗಸರಲ್ಲಿ ಅಕ್ಷರ ಬಲ್ಲವರು ಅರ್ಧದಷ್ಟು ಮಾತ್ರವಿದ್ದರು. ಅಕ್ಷರ ಬಲ್ಲ ತಾಯಂದಿರು ಅರ್ಧದಷ್ಟಿದ್ದ ಜಿಲ್ಲೆಯಲ್ಲಿ ಪದವಿ, ತರಬೇತಿಗಳನ್ನು ಮುಗಿಸಿದ ಸ್ಥಳೀಯ ಹೆಣ್ಣುಮಕ್ಕಳು ಎಷ್ಟು ಮಂದಿ ಸಿಕ್ಕಾರು?

ಅಂದಿನಿಂದ ಅನುಕೂಲಗಳು ಬೆಳೆದಿವೆ. 1980ರಲ್ಲಿ ಕಲಬುರಗಿಗೆ ವಿಶ್ವವಿದ್ಯಾಲಯ ಬಂತು. 2003ರಲ್ಲಿ ವಿಜಾಪುರದಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ ಆಮೇಲೆ ಅಕ್ಕಮಹಾದೇವಿಯ ಹೆಸರಿಟ್ಟರು. ಸಂವಿಧಾನದ 371ಜೆ ವಿಧಿಯ ಮೂಲಕ ಈ ಭಾಗದವರಿಗೆ ಉದ್ಯೋಗದಲ್ಲಿಯೂ ಶಿಕ್ಷಣದಲ್ಲಿಯೂ ಮೀಸಲಾತಿ ದೊರೆಯಿತು. ಬೀದರ ಮತ್ತು ಕಲಬುರಗಿಗಳನ್ನು ಹುಮನಾಬಾದಿನ ಮೂಲಕ ಜೋಡಿಸುವ ರೈಲುಮಾರ್ಗ 2017ರಲ್ಲಿ ಪೂರ್ಣವಾಯಿತು. ರೈಲಿಗೂ ಉಪಾಧ್ಯಾಯಿನಿಗೂ ಏನು ಸಂಬಂಧವೆಂದು ನಗಬಾರದು. ಬೆಳಿಗ್ಗೆ ಹೋಗಿ ಸಂಜೆ ಸುರಕ್ಷಿತವಾಗಿ ಮನೆ ಸೇರಬಹುದೆಂಬ ಭರವಸೆಯೇ ಎಷ್ಟೋ ಹೆಣ್ಣುಮಕ್ಕಳ ಪಾಲಿಗೆ ನೇಮಕದ ಆಜ್ಞೆಯಷ್ಟು ಮುಖ್ಯವಾದದ್ದು.

ಜಯದೇವಿತಾಯಿಯವರ ಚರಿತ್ರೆಯನ್ನು ಪ್ರತಿಭೆಯ ಪವಾಡವೆಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಶಾಲೆಯಿಲ್ಲದೆಯೂ ಇಷ್ಟು ಬೆಳೆದರೆಂದು ಬೆರಗಾಗುವವರು, ಶಾಲೆಯಿಲ್ಲದ ಕಾರಣ ಬೆಳೆಯದೆ ಹೋದ ಅವರ ಸಮವಯಸ್ಕರ ಸಂಖ್ಯೆಯನ್ನೂ ಒಮ್ಮೆ ಎಣಿಸಬೇಕು. ಅನುಕೂಲವಂತರ ಮನೆಯಲ್ಲಿ ಹುಟ್ಟಿದ ಒಬ್ಬರು ಛಲದಿಂದ ದಾಟಿದರು. ಬೀಸುಕಲ್ಲಿನ ಮುಂದೆ ಅಷ್ಟೇ ಚೆನ್ನಾಗಿ ಪದ ಕಟ್ಟಬಲ್ಲ ಸಾವಿರ ಮಂದಿ ಅಲ್ಲಿಯೇ ಉಳಿದರು; ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಪವಾಡದಿಂದ ಒಬ್ಬರು ಗುರುವಾಗಬಹುದು. ಒಂದು ತಾಲ್ಲೂಕಿನ ಶಾಲೆಗಳು ಪವಾಡದಿಂದ ತುಂಬುವುದಿಲ್ಲ. ಅದಕ್ಕೆ ಹತ್ತಿರದ ಪ್ರೌಢಶಾಲೆ ಬೇಕು, ವಸತಿ ಬೇಕು, ದಾರಿ ಬೇಕು, ಹದಿನೆಂಟರವರೆಗೆ ಮದುವೆ ಮುಂದೂಡುವ ತಂದೆತಾಯಿಗಳು ಬೇಕು.

ಕಲ್ಯಾಣದ ಶರಣೆಯರು ಗೋಷ್ಠಿಯಲ್ಲಿ ಕುಳಿತದ್ದು ಯಾರದೋ ದಯೆಯಿಂದಲ್ಲ. ಅರಿವಿಗೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬ ನಂಬಿಕೆ ಅಲ್ಲಿ ನಡೆಯಲ್ಲಿ ಇಳಿದಿತ್ತು. ಆ ನಂಬಿಕೆಯನ್ನು ಜಯದೇವಿತಾಯಿಯವರು ಮೂರು ಸಾಲಿನ ಪದಗಳಲ್ಲಿ ನಮ್ಮ ಕಾಲದವರೆಗೆ ಹೊತ್ತು ತಂದರು. ಅದನ್ನು ಶಾಲೆಯ ವೇಳಾಪಟ್ಟಿಯಲ್ಲಿ, ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಕಾಣುವಂತೆ ಮಾಡುವುದು ಉಳಿದವರ ಕೆಲಸ. ಬಸವಕಲ್ಯಾಣದ, ಹುಮನಾಬಾದಿನ ಪ್ರೌಢಶಾಲೆಯೊಂದರಲ್ಲಿ ಅದೇ ಸೀಮೆಯ ಹೆಣ್ಣುಮಗಳೊಬ್ಬಳು ಬೀಜಗಣಿತದ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸುತ್ತ, ಎದುರಿಗೆ ಕುಳಿತ ಹುಡುಗ ಹುಡುಗಿಯರಿಬ್ಬರಿಗೂ ಅದರಲ್ಲಿ ವಿಶೇಷವೇನೂ ತೋರದೆ ಹೋದ ದಿನ, ಈ ತಾಯಿಯ ಕೆಲಸ ಪೂರ್ಣವಾಯಿತೆಂದು ಹೇಳಬಹುದು.